ರೇಸಿನ ಮನೆತನದ ಆಸ್ತಿ, ಕಾಯಿಲೆಯ ಮಕ್ಕಳ ಪಾಲು

ಅಮೆರಿಕದ ಉತ್ತರ ಕೆರೊಲಿನಾದ ಲೆವೆಲ್ ಕ್ರಾಸ್ ಎಂಬ ಹಳ್ಳಿಯ ಪೆಟ್ಟಿ ಮನೆತನ ನಾಲ್ಕು ತಲೆಮಾರು ಕಾರ್ ರೇಸನ್ನೇ ಬದುಕಾಗಿಸಿಕೊಂಡಿತು. ಲೀ ಪೆಟ್ಟಿ 1959ರಲ್ಲಿ ಮೊಟ್ಟಮೊದಲ ಡೇಟೋನಾ 500 ರೇಸ್ ಗೆದ್ದರು. ಅವರ ಮಗ ರಿಚರ್ಡ್ 200 ಗೆಲುವು, ಏಳು ಚಾಂಪಿಯನ್‌ಷಿಪ್ ಪಡೆದರು. ಮೊಮ್ಮಗ ಕೈಲ್ ಕೂಡ ಅದೇ ಹಾದಿ ಹಿಡಿದರು. ಕೈಲ್ ಅವರ ಮಗ ಆ್ಯಡಂ 2000ದ ಏಪ್ರಿಲ್ 2ರಂದು ಅಗ್ರ ದರ್ಜೆಯ ರೇಸಿಗೆ ಇಳಿದ ಮೂರೇ ದಿನಕ್ಕೆ ಮುತ್ತಜ್ಜ ಲೀ ತೀರಿಕೊಂಡರು. ಮೇ 12ರಂದು ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಅಭ್ಯಾಸದ ವೇಳೆ ಕಾರು ಗೋಡೆಗೆ ಅಪ್ಪಳಿಸಿ ಆ್ಯಡಂ ಕೂಡ ಹೋದರು. ವಯಸ್ಸು 19.

ನಟ ಪಾಲ್ ನ್ಯೂಮನ್ 1988ರಲ್ಲಿ ಕನೆಕ್ಟಿಕಟ್‌ನಲ್ಲಿ ಗಂಭೀರ ಕಾಯಿಲೆಯ ಮಕ್ಕಳಿಗಾಗಿ ಶಿಬಿರವೊಂದನ್ನು ತೆರೆದಿದ್ದರು. ಅವರೂ ರೇಸ್ ಚಾಲಕರೇ. 1979ರ ಲ ಮಾನ್ಸ್ ಸ್ಪರ್ಧೆಯಲ್ಲಿ ಅವರ ತಂಡ ಎರಡನೇ ಸ್ಥಾನ ಪಡೆದಿತ್ತು. ಫ್ಲೋರಿಡಾದಲ್ಲಿರುವ ಅಂಥದೇ ಶಿಬಿರವನ್ನು ಕಂಡಿದ್ದ ಆ್ಯಡಂಗೆ ತಮ್ಮೂರಲ್ಲೂ ಒಂದು ಆಗಬೇಕೆಂಬ ಆಸೆಯಿತ್ತು. ಮಗ ಹೋದ ಮೇಲೆ ತಂದೆ ಕೈಲ್ ಮತ್ತು ತಾಯಿ ಪ್ಯಾಟಿ ಅದನ್ನು ಕೈಗೆತ್ತಿಕೊಂಡರು. ಅಜ್ಜ ರಿಚರ್ಡ್, ಅಜ್ಜಿ ಲಿಂಡಾ ಜಮೀನು ಕೊಟ್ಟರು. 2004ರಲ್ಲಿ ರ‍್ಯಾಂಡಲ್‌ಮನ್‌ನಲ್ಲಿ ‘ವಿಕ್ಟರಿ ಜಂಕ್ಷನ್’ ಶುರುವಾಯಿತು.

ಅಲ್ಲಿನ ಆಸ್ಪತ್ರೆಯ ಹೆಸರು ಕಾರ್ ಗ್ಯಾರೇಜಿನಂತೆ ‘ಬಾಡಿ ಶಾಪ್’, ಊಟದ ಮನೆ ‘ಫ್ಯೂಯೆಲ್ ಸ್ಟಾಪ್’. ಸದಾ ಸೂಜಿ, ಸಲೈನ್ ನೋಡಿ ನೋಡಿ ಹೆದರಿದ ಮಗುವಿಗೆ ಔಷಧ ಕೊಡುವ ಜಾಗವೂ ಆಟದ ಭಾಗವಾಗುತ್ತದೆ. ಡಾಕ್ಟರು, ನರ್ಸುಗಳು ಹಗಲೂ ರಾತ್ರಿ ಅಲ್ಲಿರುತ್ತಾರೆ, ಆದರೆ ಮುಂದೆ ಕಾಣುವುದು ಕುದುರೆ, ಈಜುಕೊಳ, ಮೀನು ಹಿಡಿಯುವ ಕೆರೆ. ಬೇಸಿಗೆಯ ಒಂದೊಂದು ವಾರವನ್ನು ಒಂದೊಂದು ಬಗೆಯ ಕಾಯಿಲೆಗೆ ಮೀಸಲಿಡುವುದರಿಂದ, ಶಾಲೆಯಲ್ಲಿ ತಾನೊಬ್ಬನೇ ಬೇರೆ ಎಂದುಕೊಂಡಿದ್ದ ಮಗು ಇಲ್ಲಿ ತನ್ನಂಥವರ ನಡುವೆ ಇರುತ್ತದೆ. ತಂದೆ ತಾಯಿ ಒಂದು ಪೈಸೆ ಕೊಡಬೇಕಿಲ್ಲ. ಶಿಬಿರದ ನಿಜವಾದ ಬಲ ಈ ಕೊನೆಯ ನಿಯಮದಲ್ಲಿದೆ. ಬಡವರ ಮಗುವಿಗೆ ಬಾಗಿಲು ತೆರೆಯದಿದ್ದರೆ ಉಳಿದೆಲ್ಲವೂ ಉಳ್ಳವರ ವಿಹಾರವಾಗುತ್ತಿತ್ತು.

ಮನೆತನದ ಆಸ್ತಿಯನ್ನು ಪರರ ಮಕ್ಕಳಿಗೆ ಬಿಡುವುದು ಬೆಳಗಾವಿ ಸೀಮೆಗೆ ಹೊಸದಲ್ಲ. 1906ರಲ್ಲಿ ತೀರಿಕೊಂಡ ಶಿರಸಂಗಿ ಲಿಂಗರಾಜ ದೇಸಾಯಿ ತಮ್ಮ ಆಸ್ತಿಯನ್ನು ವಿದ್ಯಾರ್ಥಿಗಳ ಓದಿಗೆ ಬರೆದಿಟ್ಟರು. ಬೆಳಗಾವಿಯ ಲಿಂಗರಾಜ ಕಾಲೇಜು ಅವರ ಹೆಸರು ಹೊತ್ತಿದೆ. ಓಟದ ಹುಚ್ಚೂ ಇಲ್ಲಿನದೇ. ಎತ್ತಿನ ಗಾಡಿಯ ಶರ್ಯತ್ತಿಗೆ ಜೋಡಿ ಸಾಕುವ ಮನೆಗಳಲ್ಲಿ ಅಪ್ಪನ ಹೆಸರನ್ನು ಮಗ ಉಳಿಸಿಕೊಳ್ಳುತ್ತಾನೆ. 

ಬೆಳಗಾವಿಯಲ್ಲಿ ಕೆಎಲ್‌ಇ ಆಸ್ಪತ್ರೆಯಿದೆ, ಸರ್ಕಾರಿ ಬಿಮ್ಸ್ ಇದೆ. ಕ್ಯಾನ್ಸರ್, ಥಲಸ್ಸೀಮಿಯಾ, ಹಿಮೋಫಿಲಿಯಾ, ಟೈಪ್-1 ಸಕ್ಕರೆ ಕಾಯಿಲೆಯ ಮಕ್ಕಳಿಗೆ ಚಿಕಿತ್ಸೆ ಎಷ್ಟು ಬೇಕೋ, ಬಾಲ್ಯವೂ ಅಷ್ಟೇ ಬೇಕು. ಆಸ್ಪತ್ರೆಯ ಬಿಲ್ಲಿಗೆ ಸರ್ಕಾರಿ ಕಾರ್ಡು ನೆರವಾಗುತ್ತದೆ. ಆಟಕ್ಕೆ, ಗೆಳೆತನಕ್ಕೆ ಕಾರ್ಡಿಲ್ಲ. ಅದಕ್ಕೇ ಇಲ್ಲೂ ಅಂಥ ಶಿಬಿರವೊಂದು ಬೇಕು. ಬೆಳಗಾವಿಯಿಂದ ಸುಮಾರು 25 ಕಿ.ಮೀ. ದೂರದಲ್ಲಿ ಖಾನಾಪುರದ ಹಸಿರು ನೆಲವಿದೆ. ಮಲಪ್ರಭೆ ಹುಟ್ಟುವ ಕಣಕುಂಬಿ, 2011ರಲ್ಲಿ ಅಭಯಾರಣ್ಯವಾದ ಭೀಮಗಡ ಇದೇ ತಾಲೂಕಿನವು. ಆದರೆ ಮಳೆಗಾಲದಲ್ಲಿ ಆ ಕಾಡಿನ ಹಳ್ಳಿಗಳಿಂದ ರೋಗಿಗಳನ್ನು ಹೆಗಲ ಮೇಲೆ ಹೊತ್ತು ತರಬೇಕಾಗುತ್ತದೆ. ಹಾಗಾಗಿ ಶಿಬಿರಕ್ಕೆ ಕಾಡಿನ ಒಳಭಾಗ ಸಲ್ಲದು. ಬೆಳಗಾವಿ ರಸ್ತೆಗೆ ಹತ್ತಿರದ ಜಾಗ, ದೀಪಾವಳಿಯಿಂದ ಹೋಳಿಯವರೆಗಿನ ಕಾಲ ಸೂಕ್ತ. ಡಾಕ್ಟರು, ಇನ್ಸುಲಿನ್ ಕೆಡದಂತೆ ಇಡಲು ಫ್ರಿಜ್, ಆಂಬುಲೆನ್ಸ್ ಅಲ್ಲೇ ಇರಬೇಕು. ಕನ್ನಡ, ಮರಾಠಿ ಎರಡೂ ಬಲ್ಲ ಸ್ವಯಂಸೇವಕರೂ ಬೇಕು.

ಇದಕ್ಕೆ ಮೊದಲ ದಿನವೇ ದೊಡ್ಡ ಕಟ್ಟಡ ಬೇಕಿಲ್ಲ. ರಜೆಯಲ್ಲಿ ಖಾಲಿಯಿರುವ ವಸತಿ ಶಾಲೆಯೊಂದು, ಒಂದು ಕಾಯಿಲೆಯ ಇಪ್ಪತ್ತು ಮಕ್ಕಳು, ಒಂದು ವಾರ ಸಾಕು. ಜಿಲ್ಲೆಯ ಮಠಗಳು, ಸಕ್ಕರೆ ಕಾರ್ಖಾನೆಗಳು, ಉದ್ಯಮಿಗಳ ಮನೆತನಗಳು ಒಂದೊಂದು ವಾರದ ಖರ್ಚು ಹೊತ್ತುಕೊಳ್ಳಲಿ, ಮಕ್ಕಳ ತಜ್ಞರು ಮುಂದೆ ಬರಲಿ.