ನೀರಿನ ಮೇಲೆ ಇಳಿಜಾರಿಲ್ಲ

ಹಳೆಯ ಬುಲೆಟ್ ಬೈಕಿನ ಕಿಕ್ಕರ್‌ನಿಂದ ಒಮ್ಮೆ ಒದೆಸಿಕೊಂಡವರಿಗೆ ಇಗ್ನಿಷನ್ ಟೈಮಿಂಗ್ ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಪಿಸ್ಟನ್ ಇನ್ನೂ ಮೇಲಕ್ಕೆ ಬರುತ್ತಿರುವಾಗಲೇ ಕಿಡಿ ಹಾರುತ್ತದೆ, ಹೊತ್ತಿದ ಬೆಂಕಿ ಪಿಸ್ಟನ್ನನ್ನು ಬಂದ ದಾರಿಯಲ್ಲೇ ವಾಪಸ್ ಅಟ್ಟುತ್ತದೆ, ಕಿಕ್ಕರ್ ಮೇಲಿದ್ದ ಕಾಲಿಗೆ ಏಟು ಬೀಳುತ್ತದೆ. ಮೆಕ್ಯಾನಿಕ್ ಪಾಯಿಂಟ್ ಪ್ಲೇಟನ್ನು ಕೂದಲೆಳೆಯಷ್ಟು ತಿರುಗಿಸಿ, ‘ಟೈಮಿಂಗ್ ಅಡ್ವಾನ್ಸ್ ಆಗಿತ್ತು ಸಾರ್’ ಎನ್ನುತ್ತಾನೆ. ಒಂದೇ ಸಿಲಿಂಡರಿನ, ಇಪ್ಪತ್ತು ಅಶ್ವಶಕ್ತಿಯೂ ಇಲ್ಲದ ಎಂಜಿನ್ ಅದು. ಇದೇ ತಪ್ಪು ಎಂಟು ಸಿಲಿಂಡರಿನ, 7.4 ಲೀಟರಿನ, ತಲೆಯ ಮೇಲೆ ಸೂಪರ್‌ಚಾರ್ಜರ್ ಹೊತ್ತ ಸ್ಪೀಡ್‌ಬೋಟ್ ಎಂಜಿನ್ನಿನಲ್ಲಿ ಆದರೆ ಯಾರ ಕಾಲಿಗೂ ಏಟು ಬೀಳುವುದಿಲ್ಲ. ಆ ಗದ್ದಲದಲ್ಲಿ ಏನೂ ಕೇಳಿಸುವುದೂ ಇಲ್ಲ. ಸ್ವಲ್ಪ ಹೊತ್ತಿನಲ್ಲಿ ಯಾವುದೋ ಒಂದು ಪಿಸ್ಟನ್ನಿನ ನೆತ್ತಿ ತೂತಾಗಿರುತ್ತದೆ.

ಇಂಥ ಎಂಜಿನ್ನುಗಳನ್ನು ನೋಡಬೇಕೆಂದರೆ ಅಮೆರಿಕದ ಲೇಕ್ ಹವಾಸುಗೆ ಹೋಗಬೇಕು. ಅರಿಝೋನಾ ಮತ್ತು ಕ್ಯಾಲಿಫೋರ್ನಿಯಾ ಗಡಿಯಲ್ಲಿ, ಕೊಲರಾಡೋ ನದಿಗೆ 1938ರಲ್ಲಿ ಕಟ್ಟಿ ಮುಗಿಸಿದ ಪಾರ್ಕರ್ ಅಣೆಕಟ್ಟಿನ ಹಿನ್ನೀರು ಅದು. ಸುತ್ತ ಮರುಭೂಮಿ, ಬೇಸಿಗೆಯಲ್ಲಿ 45 ಡಿಗ್ರಿ ಬಿಸಿಲು ಸಾಮಾನ್ಯ. ದಡದ ಊರನ್ನು ಕಟ್ಟಿಸಿದ ರಾಬರ್ಟ್ ಮೆಕಲಕ್ ಅಲ್ಲಿಗೆ ಬಂದದ್ದೇ ತನ್ನ ಕಂಪನಿಯ ಔಟ್‌ಬೋರ್ಡ್ ಎಂಜಿನ್ನುಗಳನ್ನು ಪರೀಕ್ಷಿಸಲು ಜಾಗ ಹುಡುಕಿಕೊಂಡು. ಅದಕ್ಕೂ ಮೊದಲು ಆತ ಕಾರುಗಳಿಗೆ ಸೂಪರ್‌ಚಾರ್ಜರ್ ಮಾಡಿ ಮಾರುತ್ತಿದ್ದ. 1968ರಲ್ಲಿ ಲಂಡನ್ ಬ್ರಿಜ್ಜನ್ನೇ ಕೊಂಡು, ಕಲ್ಲು ಕಲ್ಲು ಬಿಚ್ಚಿ ಹಡಗಿನಲ್ಲಿ ತರಿಸಿ, 1971ರಲ್ಲಿ ಈ ಮರುಭೂಮಿಯಲ್ಲಿ ನಿಲ್ಲಿಸಿದ ಪುಣ್ಯಾತ್ಮನೂ ಇವನೇ. ಆ ಸೇತುವೆಯ ಕಮಾನುಗಳ ಕೆಳಗೆ ವಾರಾಂತ್ಯದಲ್ಲಿ ಗುಡುಗುತ್ತ ಹಾಯುವ ದೋಣಿಗಳ ಹಿಂಭಾಗದಲ್ಲಿ, ಅಲ್ಯೂಮಿನಿಯಮ್ಮಿನ ಪೆಟ್ಟಿಗೆಯೊಂದರ ಮೇಲೆ ಎರಡು ಕಾರ್ಬ್ಯುರೇಟರ್ ಕೂತಿರುವುದು ಕಾಣುತ್ತದೆ. ನಮಗೆ ಬೇಕಾದದ್ದು ಆ ಪೆಟ್ಟಿಗೆ.

ಅದರ ಹೆಸರು ರೂಟ್ಸ್ ಬ್ಲೋವರ್. ಇಂಡಿಯಾನಾ ರಾಜ್ಯದ ರೂಟ್ಸ್ ಸಹೋದರರು 1860ರಲ್ಲಿ ಪೇಟೆಂಟ್ ಪಡೆದಾಗ ಪೆಟ್ರೋಲ್ ಎಂಜಿನ್ ಎಂಬುದು ಇನ್ನೂ ಹುಟ್ಟಿರಲಿಲ್ಲ. ಗಣಿಗೆ, ಕುಲುಮೆಗೆ ಗಾಳಿ ಊದುವ ಕೆಲಸಕ್ಕೆ ಅದು ಹೆಸರಾಯಿತು. ಆಮೇಲೆ 1938ರಲ್ಲಿ ಜನರಲ್ ಮೋಟಾರ್ಸ್ ತನ್ನ 71 ಸರಣಿಯ ಟೂ-ಸ್ಟ್ರೋಕ್ ಡೀಸೆಲ್ ಎಂಜಿನ್ನುಗಳಿಗೆ ಇದನ್ನು ಜೋಡಿಸಿತು. ಒಂದು ಸಿಲಿಂಡರಿಗೆ 71 ಘನ ಇಂಚು. ಆರು ಸಿಲಿಂಡರಿನದು 6-71, ಎಂಟರದು 8-71. ಗುಜರಿಗೆ ಬಂದ ಲಾರಿ, ಬಸ್ಸುಗಳಿಂದ ಆ ಬ್ಲೋವರುಗಳನ್ನು ಬಿಚ್ಚಿ ಪೆಟ್ರೋಲ್ ವಿ-8 ಎಂಜಿನ್ನಿನ ಮೇಲೆ ಕೂರಿಸಿದವರು ಅಮೆರಿಕದ ಪಡ್ಡೆ ಹುಡುಗರು. ಇವತ್ತು ಸಾವಿರಾರು ಡಾಲರಿನ ಹೊಸ ಬ್ಲೋವರಿಗೂ ಆ ಲಾರಿ ಎಂಜಿನ್ನಿನ ನಂಬರೇ ಹೆಸರು.

ಬ್ಲೋವರ್ ಮಾಡುವುದು ಇಷ್ಟೆ: ಎಂಜಿನ್ ತಾನಾಗಿ ಎಳೆದುಕೊಳ್ಳುವುದಕ್ಕಿಂತ ಹೆಚ್ಚು ಗಾಳಿಯನ್ನು ಒಳಗೆ ತುರುಕುವುದು. ‘7 ಪೌಂಡ್ ಬೂಸ್ಟ್’ ಎಂದರೆ ವಾತಾವರಣದ ಒತ್ತಡದ ಮೇಲೆ ಸುಮಾರು ಅರ್ಧದಷ್ಟು ಹೆಚ್ಚು. ಗಾಳಿ ಹೆಚ್ಚಾದರೆ ಪೆಟ್ರೋಲೂ ಹೆಚ್ಚು ಉರಿಯುತ್ತದೆ, ಶಕ್ತಿ ಬರುತ್ತದೆ. ಆದರೆ ಸೈಕಲ್ ಪಂಪು ಹೊಡೆಯುವಾಗ ಬುಡ ಬಿಸಿಯಾಗುವುದು ನಮಗೆಲ್ಲ ಗೊತ್ತು. ರೂಟ್ಸ್ ಬ್ಲೋವರಿನಲ್ಲಿ ಈ ಕಾಟ ಇನ್ನೂ ಜಾಸ್ತಿ. 40 ಡಿಗ್ರಿಯ ಗಾಳಿಯನ್ನು 7 ಪೌಂಡಿಗೆ ಒತ್ತಿದರೆ ಪುಸ್ತಕದ ಲೆಕ್ಕದಲ್ಲಿ 37 ಡಿಗ್ರಿ ಏರಬೇಕು. ಈ ಯಂತ್ರದಲ್ಲಿ ಹೆಚ್ಚುಕಮ್ಮಿ ಅದರ ಎರಡು ಪಟ್ಟು ಏರುತ್ತದೆ. ಮೇಲಿನಿಂದ ಇಳಿದು ಬರುವ ಪೆಟ್ರೋಲ್ ಆವಿಯಾಗುತ್ತ ಒಂದಿಷ್ಟು ಶಾಖ ಹೀರಿಕೊಳ್ಳುವುದು ಪುಣ್ಯ. ಸಿಲಿಂಡರಿನ ಒತ್ತಿನ ಅನುಪಾತ (ಕಂಪ್ರೆಷನ್ ರೇಶಿಯೋ) 8:1 ಇದ್ದರೂ ಬ್ಲೋವರಿನ ಒತ್ತಡ ಸೇರಿ ಎಂಜಿನ್ ಸುಮಾರು 12:1 ಇದ್ದಂತೆ ವರ್ತಿಸುತ್ತದೆ. ರೇಸ್ ಎಂಜಿನ್ನಿನ ಒತ್ತು, ಬಂಕಿನ ಪೆಟ್ರೋಲು: ಕಷ್ಟ ಶುರುವಾಗುವುದೇ ಇಲ್ಲಿ.

‘ನನ್ನ ಕಾರಿನಲ್ಲಿ ಇದೇ ಎಂಜಿನ್, ಇದೇ ಬ್ಲೋವರ್, ಇದೇ ಸೆಟ್ಟಿಂಗ್, ಎರಡು ವರ್ಷದಿಂದ ಏನೂ ಆಗಿಲ್ಲ’ ಎನ್ನುವವರು ಬಹಳ. ಅವರು ಸುಳ್ಳು ಹೇಳುತ್ತಿಲ್ಲ. ಅಂಥ ಕಾರು ಹೈವೇಯಲ್ಲಿ ನೂರರ ವೇಗದಲ್ಲಿ ಓಡಲು ತನ್ನ ಶಕ್ತಿಯ ಹತ್ತನೇ ಒಂದು ಪಾಲನ್ನೂ ಬಳಸುವುದಿಲ್ಲ. ಪೂರ್ತಿ ಆಕ್ಸಿಲರೇಟರ್ ಒತ್ತುವುದು ಹತ್ತು ಸೆಕೆಂಡು, ಆಮೇಲೆ ಸಿಗ್ನಲ್ಲೋ ತಿರುವೋ ಇಳಿಜಾರೋ ಬಂದು ಎಂಜಿನ್ ಉಸಿರು ಬಿಡುತ್ತದೆ. ನೀರಿನ ಮೇಲೆ ಇಳಿಜಾರು ಎಂಬುದೇ ಇಲ್ಲ. ಗಾಳಿಗಿಂತ ಸುಮಾರು 800 ಪಟ್ಟು ದಟ್ಟವಾದ ನೀರನ್ನು ಪ್ರೊಪೆಲ್ಲರ್ ಸದಾ ತಳ್ಳುತ್ತಲೇ ಇರಬೇಕು, ಥ್ರಾಟಲ್ ಬಿಟ್ಟರೆ ದೋಣಿ ನಿಂತಂತೆಯೇ. ಪ್ರೊಪೆಲ್ಲರ್ ಬೇಡುವ ಶಕ್ತಿ ಅದರ ವೇಗದ ಘನದಂತೆ ಏರುತ್ತದೆ. ಸುತ್ತು ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟು. ಅಂದರೆ ಸ್ಪೀಡ್‌ಬೋಟಿನ ಎಂಜಿನ್ ಇಡೀ ದಿನ ಆಗುಂಬೆ ಘಾಟಿ ಹತ್ತುತ್ತಿರುವ ಲಾರಿಯ ಹಾಗೆ. ಕಾರಿನಲ್ಲಿ ಹತ್ತು ಸೆಕೆಂಡಿಗೆ ಮುಗಿದುಹೋಗುವ ಸಣ್ಣ ತಪ್ಪು ಇಲ್ಲಿ ಹತ್ತು ನಿಮಿಷ ಒಂದೇ ಸಮನೆ ನಡೆಯುತ್ತದೆ, ಎಂಜಿನ್ ಕೆಡುವುದಕ್ಕೆ ಅಷ್ಟು ಸಾಕು.

ಹಾಗಾದರೆ ಹೊಂದಿಸುವುದು ಹೇಗೆ? ಮೊದಲು ಪೆಟ್ರೋಲ್, ಆಮೇಲೆ ಕಿಡಿ. ಈ ಕ್ರಮ ತಪ್ಪಿದರೆ ಮುಂದಿನದೆಲ್ಲ ಕುರುಡಾಟ ಎಂಬುದು ನನ್ನ ಖಚಿತ ಅಭಿಪ್ರಾಯ.

ಪುಸ್ತಕದ ಪ್ರಕಾರ ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು 14.7 ಕಿಲೋ ಗಾಳಿ ಬೇಕು. ಪೂರ್ತಿ ಬೂಸ್ಟಿನಲ್ಲಿರುವ ಎಂಜಿನ್ನಿಗೆ ಅಷ್ಟು ತೆಳುವಾದ ಮಿಶ್ರಣ ಕೊಡುವವರಿಲ್ಲ. 12 ಅಥವಾ ಅದಕ್ಕೂ ಕಡಿಮೆ ಗಾಳಿಗೆ ಒಂದು ಪಾಲು ಪೆಟ್ರೋಲ್. ಆ ಹೆಚ್ಚುವರಿ ಪೆಟ್ರೋಲ್ ಉರಿಯಲಿಕ್ಕಲ್ಲ, ಆವಿಯಾಗಿ ಒಳಗನ್ನು ತಂಪಾಗಿಡಲಿಕ್ಕೆ. ಕಾರ್ಬ್ಯುರೇಟರಿನಲ್ಲಿ ಈ ಅಳತೆಯನ್ನು ನಿರ್ಧರಿಸುವುದು ಜೆಟ್ ಎಂಬ ಸಣ್ಣ ಹಿತ್ತಾಳೆಯ ತೂತು. ಜೆಟ್ ದೊಡ್ಡದು ಹಾಕಿದರೆ ಆಯಿತಲ್ಲ ಎನ್ನಿಸುತ್ತದೆ. ಆದರೆ ಎಡವುವುದು ಬೇರೆ ಕಡೆ.

ಹೋಲಿ ಮಾದರಿಯ ಕಾರ್ಬ್ಯುರೇಟರಿನ ಹೊಟ್ಟೆಯಲ್ಲಿ ಪವರ್ ವಾಲ್ವ್ ಎಂಬ ಪುಟ್ಟ ಬಿರಡೆ ಇರುತ್ತದೆ. ಎಂಜಿನ್ ನಿರಾಳವಾಗಿ ಓಡುವಾಗ ಕಾರ್ಬ್ಯುರೇಟರಿನ ಕೆಳಗೆ ಗಾಳಿಯ ಎಳೆತ ಜೋರಾಗಿರುತ್ತದೆ, ಆ ಎಳೆತವೇ ಬಿರಡೆಯನ್ನು ಮುಚ್ಚಿ ಹಿಡಿದಿರುತ್ತದೆ. ಥ್ರಾಟಲ್ ಪೂರ್ತಿ ತೆರೆದಾಗ ಎಳೆತ ಸತ್ತು, ಸ್ಪ್ರಿಂಗ್ ಬಿರಡೆಯನ್ನು ತೆರೆದು, ಮಾಮೂಲಿ ಜೆಟ್ಟಿನ ಜೊತೆ ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ. ಸಾದಾ ಎಂಜಿನ್ನಿನಲ್ಲಿ ಈ ಏರ್ಪಾಡು ಅಚ್ಚುಕಟ್ಟು. ಈಗ ಕಾರ್ಬ್ಯುರೇಟರಿಗೂ ಎಂಜಿನ್ನಿಗೂ ನಡುವೆ ಬ್ಲೋವರ್ ಬಂದು ಕೂತಿದೆ. ಅದರ ಕೆಳಗೆ ಎಂಜಿನ್ನಿನ ಕಡೆ ಒತ್ತಡ, ಮೇಲೆ ಕಾರ್ಬ್ಯುರೇಟರಿನ ಕಡೆ ಇನ್ನೂ ಎಳೆತ, ಏಕೆಂದರೆ ಬ್ಲೋವರ್ ಹೀರುತ್ತಲೇ ಇದೆ. ಬಿರಡೆಗೆ ತಿಳಿಯುವುದು ಮೇಲಿನ ಎಳೆತ ಮಾತ್ರ. ಊಟದ ಪಂಕ್ತಿಗೂ ಬಡಿಸುವವನಿಗೂ ನಡುವೆ ಪರದೆ ಕಟ್ಟಿದ ಹಾಗೆ: ಎಲೆ ಖಾಲಿಯಾಗಿದೆ, ಅವನಿಗೆ ಕಾಣುತ್ತಿಲ್ಲ, ಸೌಟು ಹಿಡಿದು ಸುಮ್ಮನೆ ನಿಂತಿದ್ದಾನೆ. ಥ್ರಾಟಲ್ ಮುಕ್ಕಾಲು ತೆರೆದು ಕೆರೆಯ ಉದ್ದಕ್ಕೂ ಓಡುವ ದೋಣಿ ಇರುವುದು ಸರಿಯಾಗಿ ಇದೇ ಸ್ಥಿತಿಯಲ್ಲಿ. ಬೂಸ್ಟ್ ಇದೆ, ಹೆಚ್ಚುವರಿ ಪೆಟ್ರೋಲ್ ಇಲ್ಲ. ಪರಿಹಾರ ಸರಳ: ಬಿರಡೆಯ ಹಳೆಯ ದಾರಿಯನ್ನು ಮುಚ್ಚಿ, ಬ್ಲೋವರಿನ ಕೆಳಗಿನ ಮ್ಯಾನಿಫೋಲ್ಡಿನಿಂದ ಒಂದು ಸಣ್ಣ ನಳಿಗೆ ಎಳೆದು ಅದಕ್ಕೆ ಕೊಡುವುದು. ಆಗ ಬೂಸ್ಟ್ ಬಂದ ಕ್ಷಣವೇ ಬಿರಡೆ ತೆರೆಯುತ್ತದೆ. ಬೂಸ್ಟ್ ರೆಫರೆನ್ಸ್ ಕಾರ್ಬ್ಯುರೇಟರ್ ಎಂದು ಅಂಗಡಿಯವರು ಹೆಚ್ಚು ಬೆಲೆಗೆ ಮಾರುವುದು ಮುಖ್ಯವಾಗಿ ಈ ನಳಿಗೆಗಾಗಿ. ಆ ಹಣ ದಂಡವಲ್ಲ ಎಂದೇ ಹೇಳುತ್ತೇನೆ.

ಪೆಟ್ರೋಲ್ ಅತಿಯಾದರೂ ಕೇಡೇ. ಸಿಲಿಂಡರಿನ ಗೋಡೆಯ ಆಯಿಲ್ ತೊಳೆದುಹೋಗುತ್ತದೆ, ರಿಂಗ್ ಸವೆಯುತ್ತದೆ. ಆದರೆ ಅದಕ್ಕೆ ತಿಂಗಳುಗಳು ಬೇಕು, ಕಪ್ಪು ಹೊಗೆ ಬಿಟ್ಟು ಮೊದಲೇ ತಿಳಿಸುತ್ತದೆ ಕೂಡ.

ಇನ್ನು ಕಿಡಿ. ನಿಮಿಷಕ್ಕೆ 5000 ಸುತ್ತು ತಿರುಗುವ ಎಂಜಿನ್ನಿನಲ್ಲಿ ಒಂದು ಸುತ್ತಿಗೆ 12 ಮಿಲಿಸೆಕೆಂಡ್. 30 ಡಿಗ್ರಿ ಎಂದರೆ ಬರೀ ಒಂದು ಮಿಲಿಸೆಕೆಂಡ್. ಬೆಂಕಿ ಪ್ಲಗ್ಗಿನಿಂದ ಹೊರಟು ಸಿಲಿಂಡರನ್ನೆಲ್ಲ ಹರಡಲು ಸಮಯ ಬೇಕಾದ್ದರಿಂದ ಪಿಸ್ಟನ್ ತುದಿ ತಲುಪುವ ಮೊದಲೇ ಕಿಡಿ ಕೊಡಬೇಕು. ಬ್ಲೋವರ್ ಇಲ್ಲದ ದೊಡ್ಡ ವಿ-8ಕ್ಕೆ ಅದು ಸುಮಾರು 36 ಡಿಗ್ರಿ. ಬೂಸ್ಟ್ ಇದ್ದಾಗ ಮಿಶ್ರಣ ದಟ್ಟವಾಗಿ, ಬಿಸಿಯಾಗಿ, ಬೇಗ ಉರಿಯುತ್ತದೆ; ಕಿಡಿಯೂ ತಡವಾಗಬೇಕು. 28ರ ಆಸುಪಾಸು ಸಾಮಾನ್ಯವಾಗಿ ಕೇಳಿಬರುವ ಅಂಕಿ. ಅದಕ್ಕಿಂತ ಬೇಗ ಕೊಟ್ಟರೆ ಬೆಂಕಿ ತಲುಪುವ ಮೊದಲೇ ಮೂಲೆಯಲ್ಲಿ ಉಳಿದ ಮಿಶ್ರಣ ಒತ್ತಡಕ್ಕೆ, ಶಾಖಕ್ಕೆ ತಾನಾಗಿಯೇ ಒಮ್ಮೆಲೇ ಸಿಡಿಯುತ್ತದೆ. ಇದೇ ನಾಕಿಂಗ್. ಚಾರ್ಲ್ಸ್ ಕೆಟರಿಂಗ್ ಕಂಡುಹಿಡಿದ ಬ್ಯಾಟರಿ ಇಗ್ನಿಷನ್ನಿನ ಮೇಲೆಯೇ 1910ರ ದಶಕದಲ್ಲಿ ಜನ ಇದರ ತಪ್ಪು ಹೊರಿಸಿದ್ದರು. ಆತನ ಸಹಾಯಕ ಥಾಮಸ್ ಮಿಜ್ಲಿ ತಪ್ಪು ಇಂಧನದ್ದೆಂದು ತೋರಿಸಿ, 1921ರ ಡಿಸೆಂಬರಿನಲ್ಲಿ ಸೀಸದ ಮದ್ದು ಕಂಡುಹಿಡಿದ. ಆ ಮದ್ದು ಲೋಕದ ಗಾಳಿಯನ್ನೇ ಕೆಡಿಸಿದ್ದು ಬೇರೆ ಕಥೆ.

ನಾಕಿಂಗ್ ತಡೆಯುವ ಗುಣವನ್ನೇ ಆಕ್ಟೇನ್ ಎಂದು ಅಳೆಯುವುದು. ನಮ್ಮ ಕರಾವಳಿಯ ನಾಡದೋಣಿಗಳಲ್ಲಿ ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ ಸೀಮೆಎಣ್ಣೆಗೆ ಬದಲಾಯಿಸುವ ಔಟ್‌ಬೋರ್ಡ್ ಎಂಜಿನ್ನುಗಳಿವೆಯಲ್ಲ, ಅವುಗಳ ಒತ್ತು ಕಡಿಮೆ ಇಟ್ಟಿರುವುದೂ ಸೀಮೆಎಣ್ಣೆಯ ಆಕ್ಟೇನ್ ತೀರ ಕಡಿಮೆ ಎಂಬ ಕಾರಣಕ್ಕೇ. ಅಂಕಿಯ ಮಾತು ಬಂದಾಗ ಒಂದು ಎಚ್ಚರ: ಅಮೆರಿಕದ ಬಂಕಿನಲ್ಲಿ 91 ಎಂದು ಬರೆದಿರುವ ಪೆಟ್ರೋಲ್ ನಮ್ಮ ಅಳತೆಯಲ್ಲಿ 95ರಿಂದ 96 ಆಗುತ್ತದೆ, ಎರಡು ದೇಶದ ಅಳೆಯುವ ಪದ್ಧತಿಯೇ ಬೇರೆ. ಅಲ್ಲಿನ ‘91ಕ್ಕೆ ಸಾಕು’ ಎಂಬ ಸಲಹೆಯನ್ನು ನಮ್ಮ ಅಳತೆಯ 91ಕ್ಕೆ ಅನ್ವಯಿಸಿದರೆ ಪಿಸ್ಟನ್ ಹೋಗುತ್ತದೆ.

‘ಎಷ್ಟು ಡಿಗ್ರಿ ಇಡಲಿ?’ ಎಂಬ ಪ್ರಶ್ನೆಯೇ ನನಗೆ ಕಿರಿಕಿರಿ. ಉತ್ತರವಾಗಿ ಸಿಗುವ ಅಂಕಿ ಬೇರೆ ಯಾರದೋ ಎಂಜಿನ್ನಿನದು. ಅದಿರಲಿ, ಅಂಕಿ ಓದುವ ಗುರುತೇ ಸುಳ್ಳಾಗಿರಬಹುದು. ಆ ಗುರುತಿರುವುದು ಕ್ರ್ಯಾಂಕಿನ ಮುಂದಿರುವ ಡ್ಯಾಂಪರಿನ ಹೊರ ಉಂಗುರದಲ್ಲಿ, ಆ ಉಂಗುರ ರಬ್ಬರಿನ ಮೇಲೆ ಕೂತಿರುತ್ತದೆ. ವರ್ಷಗಳ ಮೇಲೆ ಅದು ಜಾರಿದ್ದರೆ ಟೈಮಿಂಗ್ ಲೈಟ್ 28 ತೋರಿಸುವಾಗ ನಿಜಕ್ಕೂ 34 ಇದ್ದೀತು. ಪ್ಲಗ್ ತೂತಿನಲ್ಲಿ ತಡೆ ಇಟ್ಟು, ಪಿಸ್ಟನ್ ನಿಜವಾಗಿ ತುದಿಗೆ ಬರುವ ಜಾಗವನ್ನು ಕೈಯಾರೆ ತಿರುಗಿಸಿ ಗುರುತು ಹಾಕಿಕೊಳ್ಳದೆ ಟೈಮಿಂಗ್ ಲೈಟ್ ಕೈಗೆತ್ತಿಕೊಳ್ಳಬಾರದು.

ಕಾರಿನವರು ಸೈಲೆನ್ಸರ್ ಪೈಪಿನಲ್ಲಿ ಆಕ್ಸಿಜನ್ ಸೆನ್ಸರ್ ಹಾಕಿ ಮಿಶ್ರಣ ನೋಡುತ್ತಾರೆ. ದೋಣಿಯ ಎಕ್ಸಾಸ್ಟಿನಲ್ಲಿ ತಂಪಿಗಾಗಿ ನೀರು ಹರಿಸುವುದರಿಂದ ಸೆನ್ಸರ್ ಬಾಳುವುದು ಕಷ್ಟ. ಹಾಗಾಗಿ ಹಳೆಯ ದಾರಿಯೇ ಗತಿ: ಪ್ಲಗ್ ಓದುವುದು. ಹೊಸ ಪ್ಲಗ್ ಹಾಕಿ, ಪೂರ್ತಿ ಥ್ರಾಟಲಿನಲ್ಲಿ ಓಡಿಸಿ, ಅದೇ ವೇಗದಲ್ಲಿ ಇಗ್ನಿಷನ್ ಆಫ್ ಮಾಡಿ, ನೀರಿನ ಮಧ್ಯದಲ್ಲೇ ತೇಲುತ್ತ ಎಂಟೂ ಪ್ಲಗ್ ಬಿಚ್ಚಬೇಕು. ಬಂದರಿನವರೆಗೆ ನಿಧಾನ ಓಡಿಸಿಕೊಂಡು ಬಂದರೆ ಬರಹ ಅಳಿಸಿಹೋಗುತ್ತದೆ. ಪಿಂಗಾಣಿಯ ಬುಡದಲ್ಲಿ ತೆಳು ಕಂದು ಉಂಗುರ ಇದ್ದರೆ ಪೆಟ್ರೋಲ್ ಸರಿ. ಹಾಲಿನಂತೆ ಬಿಳುಪಿದ್ದರೆ ಕಡಿಮೆ. ಬಾಗಿದ ತಂತಿಯ ಮೇಲೆ ಬಣ್ಣ ಬದಲಾಗುವ ಗೆರೆ ಎಲ್ಲಿದೆ ಎನ್ನುವುದು ಕಿಡಿಯ ಲೆಕ್ಕ. ಗೆರೆ ಬುಡದತ್ತ ಜಾರಿದಷ್ಟೂ ಕಿಡಿ ಬೇಗವಾಗಿದೆ. ಭೂತಕನ್ನಡಿಯಲ್ಲಿ ಪಿಂಗಾಣಿಯ ಮೇಲೆ ಮೆಣಸಿನ ಪುಡಿ ಉದುರಿಸಿದಂಥ ಚುಕ್ಕಿಗಳು, ನಡುವೆ ಮಿನುಗುವ ಬೆಳ್ಳಿಯ ಕಣಗಳು ಕಂಡರೆ ಅಲ್ಲಿಗೆ ನಿಲ್ಲಿಸಿ. ಅದು ಪಿಸ್ಟನ್ನಿನ ಅಲ್ಯೂಮಿನಿಯಮ್ಮು. ಎಂಟರಲ್ಲಿ ಏಳು ಪ್ಲಗ್ ಚೆನ್ನಾಗಿದ್ದು ಒಂದು ಬಿಳುಪಿದ್ದರೆ ಇಡೀ ಎಂಜಿನ್ನನ್ನು ಆ ಒಂದಕ್ಕೇ ಹೊಂದಿಸಬೇಕು.

ದೋಣಿಗೆ ಕಾರಿನ ಕಾರ್ಬ್ಯುರೇಟರ್ ಹಾಕುವ ಉಳಿತಾಯ ಮಾತ್ರ ಬೇಡ. ಉಕ್ಕಿದ ಪೆಟ್ರೋಲ್ ರಸ್ತೆಯಲ್ಲಿ ನೆಲಕ್ಕೆ ಬಿದ್ದು ಆರಿಹೋಗುತ್ತದೆ. ದೋಣಿಯಲ್ಲಿ ಅದರ ಆವಿ ತಳದಲ್ಲಿ ಕೂತು ಕಿಡಿಗೆ ಕಾಯುತ್ತದೆ. ದೋಣಿಯ ಕಾರ್ಬ್ಯುರೇಟರಿನಲ್ಲಿ ಉಕ್ಕಿದ್ದು ಎಂಜಿನ್ನಿನೊಳಕ್ಕೇ ಇಳಿಯುವಂತೆ ನಳಿಗೆ ಬಾಗಿಸಿರುತ್ತಾರೆ.

ಕೊನೆಗೆ, ಯಾವ ಹೊತ್ತಿನಲ್ಲಿ ಹೊಂದಿಸಬೇಕು ಎಂಬ ಪ್ರಶ್ನೆ. ಹವಾಸುವಿನ ಬೆಳಗಿನ ತಂಪು ಗಾಳಿ ದಟ್ಟ, ಆಗ ಅದೇ ಜೆಟ್ಟಿಗೆ ಮಿಶ್ರಣ ಕೊಂಚ ತೆಳುವಾಗುತ್ತದೆ. ಮಧ್ಯಾಹ್ನ ಗಾಳಿ ಹಗುರಾಗಿ ಮಿಶ್ರಣ ತಾನಾಗಿ ಗಟ್ಟಿಯಾಗುತ್ತದೆ, ಆದರೆ ಶಾಖಕ್ಕೆ ನಾಕಿಂಗ್ ಹತ್ತಿರ ಬರುತ್ತದೆ. ಆದ್ದರಿಂದ ಜೆಟ್ ಆರಿಸುವುದು ಬೆಳಗ್ಗೆ ಆರಕ್ಕೆ ಓಡಿಸಿ ನೋಡಿ, ಟೈಮಿಂಗ್ ಬಿಗಿ ಮಾಡುವುದು ಮಧ್ಯಾಹ್ನ ಮೂರಕ್ಕೆ. ನಡುವಿನ ಹೊತ್ತಿನಲ್ಲಿ ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು 28ರ ಬದಲು ಸುರಕ್ಷಿತವಾದ 24 ಡಿಗ್ರಿಯಲ್ಲೇ ಇಟ್ಟು ಓಡಿಸಿದರೆ, ಪಕ್ಕದ ದೋಣಿ ನಿಮ್ಮನ್ನು ದಾಟಿಕೊಂಡು ಹೋಗುತ್ತದೆ. ಹೋಗಲಿ ಬಿಡಿ.