ನಿಂತ ಹಾಡು, ಜಾರುವ ಶ್ರುತಿ

ಪಾಶ್ಚಾತ್ಯ ಸಂಗೀತದಲ್ಲಿ ಸದ್ದು ಹೆಚ್ಚು, ಭಾವ ಕಡಿಮೆ ಎಂದು ಹಾಸ್ಟೆಲಿನ ಮಿತ್ರರು ವಾದಿಸುವುದುಂಟು. ಹಾಗೆನ್ನುವವರು ಪೋಲೆಂಡಿನ ಶೋಪಾನನ ಇ ಮೈನರ್ ಪ್ರೆಲ್ಯೂಡನ್ನು ಒಮ್ಮೆ ಕೇಳಬೇಕೆಂದು ನನ್ನ ಬಿನ್ನಹ. 1839ರಲ್ಲಿ ಅಚ್ಚಾದ 24 ಪ್ರೆಲ್ಯೂಡುಗಳಲ್ಲಿ ಇದು ನಾಲ್ಕನೆಯದು. ಪಿಯಾನೋ ಒಂದೇ ವಾದ್ಯ. ಕಾಫಿ ಆರುವ ಮೊದಲೇ ಮುಗಿಯುತ್ತದೆ.

ನಮ್ಮಲ್ಲಿ ತಂಬೂರಿಯ ಶ್ರುತಿ ನಿಂತಿರುತ್ತದೆ, ಹಾಡು ಅಲೆದಾಡುತ್ತದೆ. ಇಲ್ಲಿ ತಿರುಗುಮುರುಗು. ಬಲಗೈಯ ಹಾಡು ಒಂದೆರಡು ಸ್ವರಗಳನ್ನು ಬಿಟ್ಟು ಬಹಳ ಹೊತ್ತು ಕದಲುವುದಿಲ್ಲ. ಅದರ ಕೆಳಗೆ ಎಡಗೈಯ ಸ್ವರಗುಚ್ಛಗಳು ಅರೆ ಅರೆ ಸ್ವರವಾಗಿ ಜಾರುತ್ತಲೇ ಇರುತ್ತವೆ.

ಕೇಳಿದಾಗ ನನಗೆ ಅಜ್ಜಿಯ ನೆನಪಾಯಿತು. ಅಜ್ಜ ತೀರಿಕೊಂಡ ಮೇಲೆ ಆಕೆ ಜಗಲಿಯ ಕಂಬಕ್ಕೊರಗಿ ಕೂತುಬಿಟ್ಟಳು. ಆ ವರ್ಷ ಕೊಟ್ಟಿಗೆಯ ಎಮ್ಮೆ ಹೋಯಿತು, ಕೆರೆಯ ಕೆಳಗಿನ ಗದ್ದೆ ಹೋಯಿತು, ಚಿಕ್ಕಪ್ಪ ಬೇರೆಯಾದ. ಆಕೆ ಕದಲಲಿಲ್ಲ. ಗಟ್ಟಿ ಮುದುಕಿ ಎಂದರು ಊರವರು. ನಾನೂ ಹಾಗೆಯೇ ತಿಳಿದಿದ್ದೆ. ಕೃತಿಯ ನಡುವೆ ಹಾಡು ಒಮ್ಮೆ ಥಟ್ಟನೆ ಸಿಡಿದು ಮತ್ತೆ ಅಡಗುತ್ತದೆ. ಅಜ್ಜನ ಹರಿದ ಕಂಬಳಿಯನ್ನು ಯಾರೋ ಹೊರಗೆಸೆದ ದಿನ ಅಜ್ಜಿಯೂ ಹಾಗೆ ಕೂಗಿಕೊಂಡಿದ್ದಳು. ಒಂದು ಹಳೆಯ ಕಂಬಳಿಗಾಗಿ ಇಷ್ಟು ರಂಪವೇ ಎಂದು ಹುಡುಗರಾದ ನಾವು ನಕ್ಕಿದ್ದೆವು.

1849ರಲ್ಲಿ ಪ್ಯಾರಿಸಿನಲ್ಲಿ ಶೋಪಾನನ ಅಂತ್ಯಕ್ರಿಯೆಯ ಹೊತ್ತಿಗೆ ಇದನ್ನು ಆರ್ಗನ್ನಿನಲ್ಲಿ ನುಡಿಸಿದರೆಂಬುದನ್ನು ನಾನು ಆಮೇಲೆ ಓದಿದೆ. ಓದುವ ಮೊದಲೇ, ಆ ಸಂಗೀತದ ವ್ಯಾಕರಣ ಒಂದಕ್ಷರವೂ ಬಾರದ ನನಗೆ, ಸಾವಿನ ಮನೆ ಕಂಡಿತ್ತು. ಭಾವ ಕಡಿಮೆಯೆಂಬ ವಾದಕ್ಕೆ ನನ್ನಲ್ಲಿರುವ ಉತ್ತರ ಇಷ್ಟೆ. ಕೊನೆಯ ಮೂರು ಸ್ವರಗುಚ್ಛಗಳಿಗೆ ಮುಂಚೆ ಒಂದು ಮೌನವಿದೆ. ಮಿತ್ರರು ಅಲ್ಲಿಯವರೆಗಾದರೂ ಎದ್ದುಹೋಗದೆ ಕೂತಿರಲಿ.