ಷೇರು ಪೇಟೆಯೂ ನಮ್ಮ ಗೃಹಸ್ಥರೂ

ಷೇರು ವ್ಯಾಪಾರವೆಂಬುದು ಒಂದು ಕಾಲದಲ್ಲಿ ಮುಂಬಯಿಯ ದಲಾಲ ಬೀದಿಯ ಕೆಲವೇ ಧನಿಕರಿಗೆ ಮೀಸಲಾದ ವ್ಯವಹಾರವಾಗಿತ್ತು. ಇಂದು ಹಾಗಿಲ್ಲ. 1996ರ ಕಾಯಿದೆಯಿಂದ ಕಾಗದದ ಷೇರುಪತ್ರಗಳ ಸ್ಥಾನದಲ್ಲಿ ಡಿಮ್ಯಾಟ್ ಖಾತೆ ಬಂದಿತು. ಆಮೇಲೆ ಮೊಬೈಲು ಮನೆಮನೆಗೂ ಬಂದಿತು. ಬಳ್ಳಾರಿಯ ಗುಮಾಸ್ತರೂ, ಸಿರುಗುಪ್ಪದ ಅಕ್ಕಿ ಗಿರಣಿಯ ಲೆಕ್ಕಿಗರೂ, ಕುರುಗೋಡಿನ ಉಪಾಧ್ಯಾಯರೂ ಈಗ ಕುಳಿತಲ್ಲಿಯೇ ದೇಶದ ದೊಡ್ಡ ಕಂಪನಿಗಳಲ್ಲಿ ಪಾಲುದಾರರಾಗಬಹುದು. ಬಾಗಿಲು ತೆರೆದುದು ಸಂತೋಷದ ಸಂಗತಿಯೇ ಸರಿ. ಆದರೆ ಆ ಬಾಗಿಲಿನೊಳಗೆ ಯಾವಾಗ ಮತ್ತು ಹೇಗೆ ಕಾಲಿಡಬೇಕೆಂಬ ವಿಚಾರ ನಮ್ಮಲ್ಲಿ ಸಾಕಷ್ಟು ನಡೆದಿಲ್ಲ. ಪೇಟೆ ಏರಿದೆಯೇ, ಇಳಿದಿದೆಯೇ ಎಂದು ಎಲ್ಲರೂ ಕೇಳುತ್ತಾರೆ. ನನ್ನ ಮನೆಯ ಲೆಕ್ಕ ನೆಟ್ಟಗಿದೆಯೇ ಎಂದು ಕೇಳಿಕೊಳ್ಳುವವರು ವಿರಳ. ಈ ಎರಡನೆಯ ಪ್ರಶ್ನೆಯೇ ಮೊದಲನೆಯದಾಗಬೇಕೆಂಬುದು ನಮ್ಮ ಅಭಿಪ್ರಾಯ.

ಷೇರೆಂದರೆ ಜೂಜು ಎಂದು ತಳ್ಳಿಹಾಕುವ ಹಿರಿಯರು ಈಗಲೂ ಇದ್ದಾರೆ. ಅವರ ಭೀತಿಗೆ ಆಧಾರವಿಲ್ಲದಿಲ್ಲ. ಬಳ್ಳಾರಿಯು ಮದರಾಸು ಪ್ರಾಂತಕ್ಕೆ ಸೇರಿದ್ದ ದಿನಗಳಲ್ಲಿ, 1906ರ ಅಕ್ಟೋಬರಿನಲ್ಲಿ, ಮದರಾಸಿನ ಅರ್ಬತ್‌ನಾಟ್ ಕಂಪನಿಯು ದಿವಾಳಿಯೆದ್ದಿತು. ಐರೋಪ್ಯ ಹೆಸರಿನ ಪ್ರತಿಷ್ಠೆಯನ್ನು ನಂಬಿ ಠೇವಣಿಯಿಟ್ಟಿದ್ದ ಸಾವಿರಾರು ಸಂಸಾರಗಳು ಆಗ ಬೀದಿಗೆ ಬಿದ್ದವು. ಆದರೆ ಆ ಆಘಾತದಿಂದ ನಮ್ಮ ದೇಶೀಯರು ಕೈಕಟ್ಟಿ ಕುಳಿತುಕೊಳ್ಳಲಿಲ್ಲ. ಮರುವರ್ಷವೇ ಮದರಾಸಿನಲ್ಲಿ ಇಂಡಿಯನ್ ಬ್ಯಾಂಕು ಹುಟ್ಟಿತು. ಅದೇ 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಸ್ಥಾಪಿಸಿದ್ದ ನಿಧಿಯೇ ಮುಂದೆ ಕೆನರಾ ಬ್ಯಾಂಕಾಗಿ ಬೆಳೆಯಿತು. ಹಲವರ ಸಣ್ಣ ಹಣ ಒಂದೆಡೆ ಕೂಡಿ ದೊಡ್ಡ ಕಾರ್ಯಕ್ಕೆ ಬಂಡವಾಳವಾಗುವುದೇ ಷೇರಿನ ತತ್ತ್ವ. ಅದು ಜೂಜಲ್ಲ, ಒಡೆತನ. ಜೂಜಾಗುವುದು ನಾವು ಅದನ್ನು ಬಳಸುವ ರೀತಿಯಿಂದ.

ಈ ಮಾತಿಗೆ ನಮ್ಮ ಜಿಲ್ಲೆಯೇ ಸಾಕ್ಷಿ. 2003ರ ತರುವಾಯ ಚೀನಾದ ಬೇಡಿಕೆಯಿಂದ ಕಬ್ಬಿಣದ ಅದಿರಿನ ಬೆಲೆ ಗಗನಕ್ಕೇರಿತು. ಮೊದಮೊದಲು ಲಾರಿ ಕೊಂಡವರು ಹಣ ಮಾಡಿದರು. ಅವರನ್ನು ಕಂಡು ಸಾಲ ಮಾಡಿ ಲಾರಿ ಕೊಂಡವರು ಅನೇಕರು. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿದಾಗ ಲಾರಿಗಳು ನಿಂತಲ್ಲೇ ನಿಂತವು. ಸಾಲದ ಕಂತು ಮಾತ್ರ ನಿಲ್ಲಲಿಲ್ಲ. ಲಾಭದ ಸುದ್ದಿ ಚಹದ ಅಂಗಡಿಯನ್ನು ತಲಪುವ ಹೊತ್ತಿಗೆ ಲಾಭದ ಬಹುಭಾಗ ಮುಗಿದಿರುತ್ತದೆಂಬ ಈ ಪಾಠವನ್ನು ನಾವು ಬಹಳ ಬೆಲೆ ತೆತ್ತು ಕಲಿತಿದ್ದೇವೆ. ನೆರೆಯವನು ಗಳಿಸಿದನೆಂಬ ಕಾರಣಕ್ಕೆ ಷೇರು ಕೊಳ್ಳುವವನು ಆ ಕೊನೆಯ ಲಾರಿಯನ್ನೇ ಕೊಳ್ಳುತ್ತಿದ್ದಾನೆ.

ಹಾಗಾದರೆ ಆರಂಭಕ್ಕೆ ತಕ್ಕ ಕಾಲ ಯಾವುದು? ಮೊದಲನೆಯದಾಗಿ, ಕೈಸಾಲ ತೀರಿರಬೇಕು. ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿಯೆಂದರೆ ವರ್ಷಕ್ಕೆ ನೂರಕ್ಕೆ 36 ಆಯಿತು. ಇಂಥ ಬಡ್ಡಿಯನ್ನು ಮೀರಿಸುವ ಆದಾಯವನ್ನು ಯಾವ ಷೇರೂ ವರ್ಷವರ್ಷವೂ ತಪ್ಪದೆ ಕೊಡಲಾರದು. ಆದುದರಿಂದ ಸಾಲ ತೀರಿಸುವುದೇ ಆತನ ಪಾಲಿಗೆ ಅತ್ಯುತ್ತಮ ಹೂಡಿಕೆ. ಎರಡನೆಯದಾಗಿ, ಸಂಬಳದಾರನಿಗೆ ಆರು ತಿಂಗಳ ಖರ್ಚು ಬ್ಯಾಂಕಿನಲ್ಲೋ ಅಂಚೆ ಕಚೇರಿಯಲ್ಲೋ ಬೇರೆಯಾಗಿರಬೇಕು. ರೈತನಿಗೆ ಇಷ್ಟು ಸಾಲದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋದಾಗ ಸಿರುಗುಪ್ಪದ ಭತ್ತದ ಗದ್ದೆಗಳವರು ಪಟ್ಟ ಕಳವಳವನ್ನು ನೆನೆದರೆ, ಕಾಲುವೆಯ ಕೆಳಗಿನ ಒಕ್ಕಲುಮಗನು ಒಂದು ಬೆಳೆ ಪೂರ್ತಿ ಹೋದರೂ ಸಂಸಾರ ಸಾಗುವಷ್ಟನ್ನು ಕಾದಿರಿಸಬೇಕೆಂಬುದು ಸ್ಪಷ್ಟವಾಗುತ್ತದೆ. ಬಿತ್ತನೆಯ ಬೀಜವನ್ನು ಮಾರಿ ಷೇರು ಕೊಳ್ಳುವುದು ವಿವೇಕವಲ್ಲ. ಮೂರನೆಯದಾಗಿ, ಮನೆಯ ಯಜಮಾನನ ಜೀವಕ್ಕೂ ಮನೆಯವರ ಚಿಕಿತ್ಸೆಗೂ ವಿಮೆಯಿರಬೇಕು. ನಾಲ್ಕನೆಯದಾಗಿ, ಹೂಡುವ ಹಣ ಮುಂದಿನ ಏಳೆಂಟು ವರ್ಷ ಮದುವೆಗಾಗಲಿ, ಮನೆ ಕಟ್ಟುವುದಕ್ಕಾಗಲಿ ಬೇಡವಾಗಿರಬೇಕು.

ಈ ನಾಲ್ಕನೆಯ ಮಾತು ಅತಿಯಾಯಿತೆಂದು ಯಾರಾದರೂ ಹೇಳಬಹುದು. ಅಂಕಿಗಳನ್ನು ನೋಡೋಣ. 2008ರ ಜನವರಿಯಲ್ಲಿ 21,000ವನ್ನು ದಾಟಿದ್ದ ಸೆನ್ಸೆಕ್ಸ್ ಸೂಚ್ಯಂಕವು 2009ರ ಮಾರ್ಚಿನಲ್ಲಿ 8,200ಕ್ಕಿಂತ ಕೆಳಗಿಳಿದಿತ್ತು. ನೂರು ರೂಪಾಯಿಯಲ್ಲಿ ಉಳಿದದ್ದು ನಲವತ್ತಕ್ಕಿಂತ ಕಡಮೆ. 2008ರ ಆ ಶಿಖರವನ್ನು ಪೇಟೆ ಮೀರಿದ್ದು 2013ರ ಕೊನೆಯ ಭಾಗದಲ್ಲಿ. ಕಾಯಬಲ್ಲವನು ಉಳಿದುಕೊಂಡನು, ಮಗಳ ಮದುವೆಗೆಂದು 2009ರಲ್ಲಿ ಮಾರಲೇಬೇಕಾದವನು ಕೆಟ್ಟನು. ಪೇಟೆ ಇಬ್ಬರಿಗೂ ಒಂದೇ ಆಗಿತ್ತು. ಮನೆಯ ಲೆಕ್ಕ ಬೇರೆಯಾಗಿತ್ತು. ಬ್ಯಾಂಕಿನ ಠೇವಣಿಗೆ 5 ಲಕ್ಷ ರೂಪಾಯಿಯವರೆಗೆ ವಿಮೆಯ ರಕ್ಷಣೆಯುಂಟು, ಷೇರಿನ ಬೆಲೆಗೆ ಅಂಥ ರಕ್ಷಣೆ ಯಾವುದೂ ಇಲ್ಲವೆಂಬುದನ್ನೂ ಮರೆಯಬಾರದು.

ಇನ್ನು ವಿಧಾನದ ವಿಚಾರ. ಊರಿನ ಹತ್ತಿರದ ಕಂಪನಿಯನ್ನು ತಾನು ಬಲ್ಲೆನೆಂದು ಹೊಸಬನು ಭಾವಿಸುವುದು ಸಹಜ. ಸಂಡೂರಿನ ದೋಣಿಮಲೆಯಲ್ಲಿ ಗಣಿಯುಳ್ಳ ಎನ್‌ಎಂಡಿಸಿಯು ಸರ್ಕಾರದ ಸಂಸ್ಥೆ. ಅದರ ನೆಲದ ಅದಿರು ನಮ್ಮ ಕಣ್ಣೆದುರಿನದು. 2010ರ ಮಾರ್ಚಿನಲ್ಲಿ ಸರ್ಕಾರವು ಅದರ ಷೇರನ್ನು 300 ರೂಪಾಯಿ ದರದಲ್ಲಿ ಸಾರ್ವಜನಿಕರಿಗೆ ಮಾರಿತು. ಮುಂದಿನ ಮೂರೂವರೆ ವರ್ಷದೊಳಗೆ ಅದರ ಬೆಲೆ ಅರ್ಧಕ್ಕಿಂತಲೂ ಕೆಳಗೆ ಬಂದಿತು. ಅದಿರು ಎಲ್ಲಿಯೂ ಹೋಗಿರಲಿಲ್ಲ. ಕೊಂಡ ಬೆಲೆಯೇ ಹೆಚ್ಚಾಗಿತ್ತು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಸಂಬಳದಿಂದ ಬದುಕುವವನು ಉಳಿತಾಯವನ್ನೆಲ್ಲ ಅದೇ ಕಂಪನಿಯ ಷೇರಿನಲ್ಲಿಟ್ಟರೆ, ಉಕ್ಕಿಗೆ ಕೆಟ್ಟ ಕಾಲ ಬಂದಾಗ ಸಂಬಳಕ್ಕೂ ಗಂಡಾಂತರ, ಉಳಿತಾಯಕ್ಕೂ ಗಂಡಾಂತರ. ಎಲ್ಲ ಜೋಳವನ್ನೂ ಒಂದೇ ಹಗೇವಿಗೆ ಸುರಿದರೆ, ನೀರು ಹೊಕ್ಕ ವರ್ಷ ಮನೆಯಲ್ಲಿ ರೊಟ್ಟಿಯಿರದೆಂಬುದನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು.

ಆದುದರಿಂದ ಹೊಸಬನಿಗೆ ಲೇಸಾದ ದಾರಿಯೆಂದರೆ ಸೂಚ್ಯಂಕವನ್ನು ಅನುಸರಿಸುವ ಮ್ಯೂಚುಯಲ್ ಫಂಡು. ನಿಫ್ಟಿ ಸೂಚ್ಯಂಕದ ಫಂಡಿನಲ್ಲಿ ತಿಂಗಳಿಗೆ 500 ರೂಪಾಯಿ ಹಾಕಿದರೂ ದೇಶದ 50 ದೊಡ್ಡ ಕಂಪನಿಗಳಲ್ಲಿ ಅಷ್ಟಷ್ಟು ಪಾಲು ದೊರೆಯುತ್ತದೆ; ಇದರಲ್ಲಿ ತಗಲುವ ವೆಚ್ಚವೂ ಅಲ್ಪ. ತಿಂಗಳು ತಿಂಗಳೂ ಒಂದೇ ಮೊತ್ತ ಹಾಕುವವನಿಗೆ ಬೆಲೆಯಿಳಿದಾಗ ಹೆಚ್ಚು ಪಾಲು, ಏರಿದಾಗ ಕಡಮೆ ಪಾಲು ತಾನಾಗಿಯೇ ದೊರೆತು, ಶುಭಗಳಿಗೆ ಹುಡುಕುವ ಕಷ್ಟ ತಪ್ಪುತ್ತದೆ. ನಿವೃತ್ತಿಯ ದಿನ ಕೈಗೆ ಬಂದ ಇಡಿಗಂಟನ್ನು ಒಂದೇ ದಿನ ಪೇಟೆಗೆ ಸುರಿಯುವ ಪಿಂಚಣಿದಾರರು ಈ ಮಾತನ್ನು ವಿಶೇಷವಾಗಿ ಗಮನಿಸಬೇಕು. ಒಂದೆರಡು ವರ್ಷ ಹೀಗೆ ನಡೆದು, ಇಳಿತವನ್ನು ಕಂಡೂ ಎದೆಗೆಡದವನು, ಕಂಪನಿಯ ವಾರ್ಷಿಕ ವರದಿಯನ್ನು ಓದಲು ಕಲಿತ ಮೇಲೆ ಬಿಡಿ ಷೇರಿನ ವಿಚಾರ ಮಾಡಲಿ.

ಫ್ಯೂಚರ್ಸ್ ಮತ್ತು ಆಪ್ಷನ್ಸ್ ಎಂಬ ವಾಯಿದೆ ವ್ಯಾಪಾರದ ಗೊಡವೆ ಮಾತ್ರ ಬೇಡವೇ ಬೇಡ. ಪೇಟೆಯ ನಿಯಂತ್ರಣ ಮಂಡಲಿಯಾದ ಸೆಬಿಯು 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹಿಂದಿನ ಮೂರು ಆರ್ಥಿಕ ವರ್ಷಗಳಲ್ಲಿ ಈ ವ್ಯಾಪಾರಕ್ಕಿಳಿದ ವ್ಯಕ್ತಿಗಳಲ್ಲಿ ನೂರಕ್ಕೆ 93 ಮಂದಿ ನಷ್ಟ ಹೊಂದಿದರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಅಧಿಕಾರಿವರ್ಗಕ್ಕೆ ಇನ್ನೊಂದು ಎಚ್ಚರಿಕೆಯುಂಟು. ಕೇಂದ್ರ ನೌಕರರ 1964ರ ನಡತೆ ನಿಯಮಗಳು ಷೇರಿನ ಸಟ್ಟಾ ವ್ಯಾಪಾರವನ್ನು ನಿಷೇಧಿಸಿ, ಪದೇ ಪದೇ ಕೊಂಡು ಮಾರುವುದನ್ನೇ ಸಟ್ಟಾ ಎಂದು ಎಣಿಸುತ್ತವೆ. ರಾಜ್ಯದ ನೌಕರರೂ ತಮ್ಮ ನಿಯಮಗಳನ್ನು ಓದಿಕೊಂಡೇ ಖಾತೆ ತೆರೆಯತಕ್ಕದ್ದು. ಮೊಬೈಲಿನ ಗುಂಪುಗಳಲ್ಲಿ ಖಚಿತ ಲಾಭದ ಆಸೆ ತೋರಿಸುವವರ ವಿಷಯದಲ್ಲಿ ಒಂದೇ ಮಾತು ಸಾಕು: ಷೇರಿನಲ್ಲಿ ಖಚಿತ ಲಾಭವೆಂಬುದಿಲ್ಲ, ಇದೆಯೆನ್ನುವವನು ಮೋಸಗಾರ. ದಲ್ಲಾಳಿಯ ಹೆಸರು ಸೆಬಿಯ ದಾಖಲೆಯಲ್ಲಿದೆಯೇ ಎಂದು ನೋಡದೆ ಒಂದು ರೂಪಾಯಿಯನ್ನೂ ಕಳುಹಿಸಬಾರದು. ಖಾತೆಗೆ ವಾರಸುದಾರರ ಹೆಸರನ್ನು ಬರೆಸದೆ ಇರಬಾರದು.

ಇಷ್ಟೂ ಹೊಣೆಯನ್ನು ಗೃಹಸ್ಥನ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ಸಹಿ ಹಾಕಬೇಕಾದ ಪತ್ರಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿರುವಾಗ, ತಿಳಿದು ಸಹಿ ಮಾಡಿದನೆಂದು ಹೇಳುವುದು ಬರಿಯ ಮಾತು. ಕನ್ನಡದ ಪ್ರತಿಯನ್ನು ಕೇಳಿ ಪಡೆಯುವುದು ನಮ್ಮವರ ಕರ್ತವ್ಯ. ಕೇಳದೆಯೇ ಕೊಡುವುದು ಸಂಸ್ಥೆಗಳ ಕರ್ತವ್ಯ. ಕರ್ನಾಟಕ ಗ್ರಾಮೀಣ ಬ್ಯಾಂಕಿನ ಪ್ರಧಾನ ಕಚೇರಿ ಬಳ್ಳಾರಿಯಲ್ಲಿಯೇ ಇದೆ. ಅದರ ಅಧಿಕಾರಿಗಳೂ ಜಿಲ್ಲೆಯ ಕಾಲೇಜುಗಳವರೂ ಕೂಡಿ, ಸುಗ್ಗಿಯ ಹಣ ಕೈಗೆ ಬರುವ ತಿಂಗಳುಗಳಲ್ಲಿ ಸಿರುಗುಪ್ಪ, ಕುರುಗೋಡುಗಳಲ್ಲಿ ಕನ್ನಡದ ತಿಳಿವಳಿಕೆಯ ಸಭೆಗಳನ್ನು ನಡೆಸಿದರೆ, ಮೋಸದ ಗುಂಪುಗಳು ಅರ್ಧಕ್ಕರ್ಧ ಬರಿದಾಗುವುವು.

ನೆಲ ನಮ್ಮದು, ಅದಿರು ನಮ್ಮದು, ಧೂಳೂ ನಮ್ಮದು. ಲಾಭದ ಪಾಲು ಮಾತ್ರ ಪರಸ್ಥಳದವರದೆಂಬ ದೂರು ಬಳ್ಳಾರಿಯಲ್ಲಿ ಹಳೆಯದು. ಆ ದೂರಿಗೆ ಒಂದು ಪರಿಹಾರ ನಮ್ಮ ಕೈಯಲ್ಲಿಯೇ ಇದೆ. ಸಾಲವಿಲ್ಲದ ಮನೆ, ಕಾದಿರಿಸಿದ ಗಂಟು, ತಾಳ್ಮೆ ಈ ಮೂರನ್ನು ಮುಂದಿಟ್ಟುಕೊಂಡು ನಮ್ಮವರು ಪೇಟೆಗೆ ಹೋಗಲಿ. ಇವು ಕೂಡಿಬಾರದವರು ಕೂಡಿಬರುವತನಕ ಕಾಯಲಿ. ಕಾದುದರಿಂದ ಕೆಟ್ಟವರಿಗಿಂತ ಆತುರದಿಂದ ಕೆಟ್ಟವರೇ ಈ ಜಿಲ್ಲೆಯಲ್ಲಿ ಹೆಚ್ಚು.